ಮಗಳ ಧಾರೆಗೆ ಸನ್ಯಾಸಿಯನ್ನು ಕರೆಯಲು

ಸಂಕ್ರಾಂತಿ ಕಳೆದ ಭಾನುವಾರ ಹಾರೋಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟೆವು, ನಾನು ಮತ್ತು ಪಕ್ಕದ ಮನೆಯ ಜಯಮ್ಮ. ಅವಳ ಗಂಡ ಇಪ್ಪತ್ತು ವರ್ಷದ ಹಿಂದೆ ಮನೆ ಬಿಟ್ಟು ಸನ್ಯಾಸಿಯಾಗಿ, ಕುದೂರಿನ ಆಚೆ ಒಂದು ಬೆಟ್ಟದ ಬುಡದಲ್ಲಿದ್ದರು. ವರ್ಷಕ್ಕೊಮ್ಮೆ ಹೋಗಿ ಜಗಳವಾಡಿ ಬರುವುದು ಜಯಮ್ಮನ ರೂಢಿ. ಈ ಸಲ ಬಿಡದಿಯ ಕಾರ್ಖಾನೆಯಲ್ಲಿ ದುಡಿಯುವ ಮಗಳಿಗೆ ಮದುವೆ. ಅಪ್ಪನೇ ಧಾರೆ ಎರೆಯಬೇಕೆಂದು ಮಗಳ ಹಟ. ನನಗೋ, ಪ್ರವಚನಗಳಲ್ಲಿ ಕೇಳಿ ಕೇಳಿ ಸಾಕಾಗಿದ್ದ ವೈರಾಗ್ಯವನ್ನು ಒಮ್ಮೆ ಕಣ್ಣಾರೆ ನೋಡುವ ಚಪಲ.

ಕನಕಪುರ, ರಾಮನಗರದಲ್ಲಿ ಬಸ್ಸು ಬದಲಿಸಿದೆವು. ಹಿಪ್ಪುನೇರಳೆ ತೋಟಗಳ ನಡುವೆ ಹೊಸ ಕಾಂಪೌಂಡುಗಳು ಎದ್ದಿದ್ದವು, ಲಾರಿಗಳ ಧೂಳಿಗೆ ಕಿಟಕಿ ತೆರೆಯುವಂತಿರಲಿಲ್ಲ. ಮಾಗಡಿಯಲ್ಲಿ ಮುದ್ದೆ, ಅವರೆಕಾಳು ಸಾರು. ಹಸಿದ ಹೊಟ್ಟೆಯಲ್ಲಿ ಜಗಳವಾಡಲು ಆಗುವುದಿಲ್ಲವೆಂದು ಜಯಮ್ಮ ಎರಡನೇ ಮುದ್ದೆ ಹಾಕಿಸಿಕೊಂಡಳು.

ಕುದೂರು ದಾಟಿ ಬಸ್ಸಿಳಿದು ಬಿಸಿಲಲ್ಲಿ ನಡೆದು ತಲುಪಿದಾಗ ಸ್ವಾಮಿಗಳು ಹಸುವಿನ ಮೈ ತಿಕ್ಕುತ್ತಿದ್ದರು. ಬೆಲ್ಲ, ನೀರು ಕೊಟ್ಟು ಕೂರಿಸಿ, ಮತ್ತೆ ಹಸುವಿನ ಮೈ ತಿಕ್ಕತೊಡಗಿದರು. ವೈರಾಗ್ಯವೆಂದರೇನು ಎಂದು ನಾನು ಕೇಳಿಯೇಬಿಟ್ಟೆ.

"ಬುಟ್ಟು ಬರೋದಲ್ಲ," ಅಂದರು. "ಕೈಯಾಗಿದ್ರೂ ನಂದು ಅನ್ನದೆ ಇರೋದು."

ನಾನು ತಲೆದೂಗಿದೆ. ಜಯಮ್ಮ ಮದುವೆಯ ವಿಷಯ ಹೇಳಿದಳು. ಗಂಡು ಯಾವ ಊರು, ಏನು ಕೆಲಸ ಎಂದೆಲ್ಲ ಅವರು ಆಸೆಯಿಂದ ವಿಚಾರಿಸಿದರು. ಬುಧವಾರ ಮದುವೆ ಎಂದಾಗ ಮಾತ್ರ ಹಸುವಿನತ್ತ ನೋಡಿದರು.

"ಹಸುಗೆ ದಿನ ತುಂಬೈತೆ. ಇಂಥ ಹೊತ್ನಾಗೆ ಬುಟ್ಟು ಹೆಂಗ್ ಬರ್ಲಿ?"

ಜಯಮ್ಮ ದನಿ ಏರಿಸಲಿಲ್ಲ. "ನೀನು ಹೊರಟ ದಿನ ಈ ಮಗಳು ಹೊಟ್ಟೇಲಿದ್ಲು. ನಂಗೂ ದಿನ ತುಂಬಿತ್ತು."

ಸ್ವಾಮಿಗಳ ಕೈ ಹಸುವಿನ ಬೆನ್ನ ಮೇಲೇ ನಿಂತಿತು. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು, ಆ ಮುಖ ನೋಡಿ ಕನಿಕರವೂ ಆಯಿತು. ಜಯಮ್ಮ ಎದ್ದು ಹಸುವಿನ ಹೊಟ್ಟೆ ಮುಟ್ಟಿ ನೋಡಿದಳು. ನಾಳೆಯೊಳಗೆ ಕರು ಹಾಕುತ್ತದೆ, ನೆಲಕ್ಕೆ ಒಣಹುಲ್ಲು ಹಾಸು ಎಂದು ಹೇಳಿ ಹೊರಟೇಬಿಟ್ಟಳು.

ಅವರು ರಸ್ತೆಯವರೆಗೂ ಹಿಂದೆಯೇ ಬಂದರು. ಯಾರನ್ನಾದರೂ ಹಸುವಿಗೆ ಕಾವಲಿಟ್ಟು ಬುಧವಾರ ಬರುವುದಾಗಿ ಹೇಳಿದರು.

"ಬ್ಯಾಡ," ಅಂದಳು ಜಯಮ್ಮ. "ಧಾರೆ ನಾನೇ ಎರೀತೀನಿ. ಮಗಳಿಗೆ ನಾನು ಹೇಳ್ಕೋತೀನಿ."

ಬಸ್ಸು ಹತ್ತಿ ಕೂತ ಮೇಲೆ, ತುಂಬಾ ಸಿಟ್ಟು ಬಂದಿದೆಯಾ ಎಂದು ಕೇಳಿದೆ.

"ಸಿಟ್ಟಿದ್ದಿದ್ರೆ ಬರೋ ವರ್ಷಾನೂ ಬತ್ತಿದ್ದೆ ಕಣಣ್ಣ," ಅಂದು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

ಬಸ್ಸು ಹೊರಟಿತು. ನಾನು ತಿರುಗಿ ನೋಡಿದೆ. ಸ್ವಾಮಿಗಳು ಇನ್ನೂ ರಸ್ತೆ ಬದಿಯಲ್ಲೇ ನಿಂತಿದ್ದರು. ಜಯಮ್ಮ ನೋಡಲಿಲ್ಲ.