ಗುರುಲಿಂಗಪ್ಪನವರು ಸರ್ವರ್‌ಗೆ ಕೊಟ್ಟ ಒಂದೇ ಹುಕುಂ

ಗುರುಲಿಂಗಪ್ಪನವರ ಬಳಿ ಇದ್ದದ್ದು ಒಂದು ಟವೆಲ್. ಅಥವಾ ಅದು ಟವೆಲ್ ಅಲ್ಲ, ಹೆಗಲ ಮೇಲಿನ ವಲ್ಲಿಯೇ ಇರಬೇಕು. ಹಸಿರು ಎಂದು ನೆನಪು. ಆದರೆ ನನ್ನ ನೆನಪಿನಲ್ಲಿ ಆ ಕಚೇರಿಯ ಗೋಡೆಯೂ ಹಸಿರು, ಫೋನೂ ಹಸಿರು. ಹಾಗಾಗಿ ಬಣ್ಣವನ್ನು ನಂಬುವುದು ಬೇಡ. ಗುರುಲಿಂಗಪ್ಪನವರು ಪಾಸ್‌ವರ್ಡ್ ಒತ್ತುವಾಗ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿಕೊಳ್ಳುತ್ತಿದ್ದದ್ದಂತೂ ನಿಜ. ದನದ ಸಂತೆಯ ದಲಾಲರು ಬಟ್ಟೆಯ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಗೊತ್ತುಮಾಡುವ ಹಾಗೆ. ಅವರಪ್ಪ ಅಂಥ ದಲಾಲರಾಗಿದ್ದರು.

ಮುದ್ದೇಬಿಹಾಳದ ನಮ್ಮ ತೊಗರಿ ಬೆಳೆಗಾರರ ಸಂಘದ ಕಚೇರಿಯಲ್ಲಿ ಒಂದು ಸರ್ವರ್ ಇತ್ತು. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಶಾಖೆಗಳು ಫೋನ್ ಲೈನಿನಲ್ಲಿ ಅದಕ್ಕೆ ಡಯಲ್ ಮಾಡಿ ತೊಗರಿಯ ಧಾರಣೆ ಕಳಿಸುತ್ತಿದ್ದವು. ಕರೆ ಕೂಡಿದೊಡನೆ ‘ಇಂಡಿ ಈ ಲೈನಿನಲ್ಲಿದೆ, ಇಂಡಿಯದನ್ನೆಲ್ಲ ಇತ್ತ ಕಳಿಸು’ ಎಂದು ಸರ್ವರ್‌ಗೆ ದಾರಿ ಹೇಳಬೇಕು. ಯಜಮಾನನ, ಅಂದರೆ ಸರ್ವರಿನ ಮೇಲೆ ಪೂರ್ತಿ ಅಧಿಕಾರ ಕೊಡುವ, ಪಾಸ್‌ವರ್ಡ್ ಇಲ್ಲದೆ ಅದು ಆ ಮಾತು ಕೇಳುತ್ತಿರಲಿಲ್ಲ. ಪಾಸ್‌ವರ್ಡ್ ಗೊತ್ತಿದ್ದದ್ದು ಗುರುಲಿಂಗಪ್ಪನವರಿಗೆ ಮಾತ್ರ. ಅವರು ಊಟಕ್ಕೆ ಹೋದರೆ ಮೂರು ತಾಲೂಕು ಕಾಯುತ್ತಿದ್ದವು.

ಕಚೇರಿಯಲ್ಲಿ ಕಾಯಂ ಹುದ್ದೆ ಖಾಲಿ ಇದ್ದದ್ದು ಒಂದು. ಹಂಗಾಮಿಗಳು ಇಬ್ಬರು: ಅವರು, ನಾನು. ಅದು ಅವರಿಗೇ ಎಂದು ಎಲ್ಲರೂ ತಿಳಿದಿದ್ದೆವು.

ಹೀಗಿರುವಾಗ, ಕರೆ ಬಂದರೆ ಸರ್ವರ್ ಪಾಸ್‌ವರ್ಡ್ ಕೇಳದೆ ತಾನೇ ಊರು ಗುರುತಿಸಿ ದಾರಿ ಹಾಕಿಕೊಳ್ಳುವಂತೆ ಅವರು ಪ್ರೋಗ್ರಾಂ ಬರೆಯತೊಡಗಿದರು.

“ಮಶೀನಿಗೆ ಯಜಮಾನಕಿ ಕೊಟ್ರ ಹೆಂಗ್ರಿ ಕಾಕಾ?” ಎಂದೆ.

“ಯಜಮಾನಕಿ ಯಾರ ಕೊಟ್ರವಾ? ಒಂದ ಹುಕುಂ ಕೊಟ್ಟೇನಿ. ಗಾಡಿ ಹೊಡಿ ಅಂದೇನಿ, ಮಾರು ಅಂದಿಲ್ಲ.”

“ಮತ್ತ ನಿಮ್ಮ ಕೆಲಸ?”

“ಇಂಡಿಯವ್ರಿಗೆ ದಾರಿ ಬೇಕಾಗೇತಿ ತಂಗಿ, ನನ್ನ ಮಾರಿ ಅಲ್ಲ.”

ಮೊದಲ ದಿನ ಒಂದು ಊರಿನಿಂದಲೂ ಧಾರಣೆ ಬರಲಿಲ್ಲ. ಅವರು ಬರೆದದ್ದರಲ್ಲಿ ತಪ್ಪಿರಲಿಲ್ಲ. ಶಾಖೆಯವರು ಮೊದಲು ಫೋನ್ ಮಾಡಿ, ಊಟ ಆಯಿತೇ ಎಂದು ಕೇಳಿ, ಬೆಳೆ ವಿಚಾರಿಸಿ, ಆಮೇಲೆ ಕಂಪ್ಯೂಟರ್ ಹಚ್ಚುವ ಪದ್ಧತಿ. ಫೋನ್ ಲೈನ್ ಒಂದೇ. ಈಗ ಅದನ್ನು ಸರ್ವರನ್ನು ಫೋನಿಗೆ ಜೋಡಿಸಿದ ಮೋಡೆಮ್ ತಾನೇ ಎತ್ತಿಕೊಳ್ಳುತ್ತಿತ್ತು.

ಗುರುಲಿಂಗಪ್ಪನವರು ಮೂರೂ ಊರಿಗೆ ಬಸ್ಸಿನಲ್ಲಿ ಹೊರಟರು. ಇಂಡಿಗೆ ನಾನೂ ಹೋಗಿದ್ದೆ. ಹೋಗಿದ್ದೆನೆಂದೇ ಅನಿಸುತ್ತದೆ. ಅಲ್ಲಿನ ಗುಮಾಸ್ತ ಸಿದ್ರಾಮ ಸಿಟ್ಟಾಗಿದ್ದ.

“ಸಿಳ್ಳಿ ಹೊಡೀತೈತ್ರಿ ಅದು! ನಾ ನಮಸ್ಕಾರ್ರಿ ಅಂದ್ರ, ಕುಂಯ್ಯ್ ಅಂತೈತಿ. ಬೈದು ಇಟ್ಟೆ.”

“ಏನಂತ ಬೈದಿ?”

ಸಿದ್ರಾಮ ನನ್ನ ಕಡೆ ನೋಡಿ ಫೋನಿನ ಧೂಳು ಒರೆಸತೊಡಗಿದ.

“ಇನ್ನ ಮ್ಯಾಲೆ ನಮಸ್ಕಾರ ಬ್ಯಾಡೋ. ಸೀದಾ ಕಂಪ್ಯೂಟರ್ ಹಚ್ಚು.”

“ಮಾತಾಡಸದ, ಮಂದಿ ಮನ್ಯಾಗ ಹೊಕ್ಕೋಳೂದು ಹೆಂಗ್ರಿ?”

ಗುರುಲಿಂಗಪ್ಪನವರು, “ನಾನ ಹೇಳಾಕತ್ತೇನಲ್ಲ, ಹೊಕ್ಕೊ,” ಎಂದರು.

ವಾರದಲ್ಲಿ ಎಲ್ಲ ಸರಿಹೋಯಿತು. ಅವರು ಕೀಬೋರ್ಡ್ ಮುಟ್ಟುವ ಪ್ರಸಂಗವೇ ಬರಲಿಲ್ಲ. ಅವರು ಮಾಡುವುದಕ್ಕೆ ಏನೂ ಇಲ್ಲದ್ದನ್ನು ಸಂಘದ ಕಾರ್ಯದರ್ಶಿ ಗಮನಿಸಿದರು. ಕಾಯಂ ಆದೇಶ ನನ್ನ ಹೆಸರಿಗೆ ಬಂತು. ಅವರ ಹಂಗಾಮಿ ಅವಧಿ ಮುಂದುವರಿಯಲಿಲ್ಲ.

ಬಸ್ ನಿಲ್ದಾಣಕ್ಕೆ ಅವರನ್ನು ಕಳಿಸಲು ಹೋದೆ. ಕಿಟಕಿಯಿಂದ, “ಸಿಂದಗಿ ಲೈನ್ ಮಧ್ಯಾಹ್ನ ಗರಗರ ಅಂತೈತಿ, ಲಕ್ಷ್ಯ ಇರಲಿ,” ಎಂದರು. ಬಸ್ಸು ಹೋಯಿತು. ಮತ್ತೆ ನಾನು ಅವರನ್ನು ನೋಡಲಿಲ್ಲ.

ವರ್ಷಗಳ ಮೇಲೆ ಕಾರ್ಯದರ್ಶಿ, “ಆ ಹುಡಿಗೀನ್ನ ಕಾಯಂ ಮಾಡ್ರಿ ಅಂತ ಗುರುಲಿಂಗಪ್ಪನವರ ಬಂದ ಹೇಳಿದ್ರು,” ಎಂದರು. ಇನ್ನೊಮ್ಮೆ ಕೇಳಿದಾಗ, ಹಾಗೆ ಯಾರೂ ಹೇಳಿರಲಿಲ್ಲ ಎಂದರು. ಎರಡು ಸಲವೂ ಒಂದೇ ದನಿ. ಗುರುಲಿಂಗಪ್ಪನವರು ತಮ್ಮ ಕೆಲಸ ಹೋಗುತ್ತದೆಂದು ಗೊತ್ತಿದ್ದೇ ಮಾಡಿದರೋ, ಏನಾಗುತ್ತದೆಂದು ಯೋಚಿಸಿರಲೇ ಇಲ್ಲವೋ, ನನಗೆ ತಿಳಿಯದು. ನಿಲ್ದಾಣದಲ್ಲಿ ಕೇಳಬಹುದಿತ್ತು. ಕೇಳಲಿಲ್ಲ.