ಮುಟ್ಟಬಾರದ ಮದ್ದಿನ ಕುಪ್ಪಿ

ಹಳೆಯ ವಸ್ತುಗಳನ್ನು ತಿಕ್ಕಿ ತೊಳೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತೊಳೆಯಲಿಕ್ಕೆ ಮನೆಯಲ್ಲಿ ಬೇರೇನೂ ಇಲ್ಲವೇ? ನೆಲ ಇದೆ, ಕಿಟಕಿ ಇದೆ, ದಿನಾ ಒರೆಸಿದರೂ ಮರಳಿನ ಧೂಳು ಬಂದು ಕೂರುವ ಬಾಲ್ಕನಿ ಇದೆ. ಅದನ್ನೆಲ್ಲ ಬಿಟ್ಟು ತಲೆಮಾರುಗಳ ಕಪ್ಪನ್ನೇ ಹುಡುಕಿಕೊಂಡು ಹೋಗಿ ತಿಕ್ಕಬೇಕೇ?

ನನ್ನ ಸಂಗ್ರಹದ ವಿಷಯ ಎತ್ತಿದರೆ ಮಸ್ಕತ್ತಿನಲ್ಲಿರುವ ನಮ್ಮ ಊರಿನವರು ನಗುತ್ತಾರೆ. ಪುತ್ತೂರಿನವನು, ಅಲ್ ಖುವೈರ್‌ನ ಆಫೀಸಿನಲ್ಲಿ ಕೂತು ಏಸಿ ಪ್ಲಾಂಟುಗಳ ಡ್ರಾಯಿಂಗ್ ನೋಡುವವನು, ಕೂಡಿಡುವುದು ಮಾತ್ರ ಅಮೆರಿಕದ ಪಶ್ಚಿಮದ ಕಾಡುಗಳಿಗೆ ಮೊದಮೊದಲು ನುಗ್ಗಿದ ಬಿಳಿಯ ಬೇಟೆಗಾರರ ಸಾಮಾನು. ಕೋವಿ ಇಲ್ಲ. ವೀಸಾದ ಮೇಲೆ ಬದುಕುವವನು ಫ್ಲಾಟಿನಲ್ಲಿ ಕೋವಿ ಇಟ್ಟುಕೊಳ್ಳುವ ಮಾತೇ ಬರುವುದಿಲ್ಲ. ಕೋವಿಯ ಜೊತೆಗೆ ಓಡಾಡಿದ್ದು ಮಾತ್ರ ನನ್ನಲ್ಲಿದೆ: ಸೀಸದ ಗುಂಡು ಎರೆಯುವ ಅಚ್ಚು, ಬಿರುಕು ಬಿಟ್ಟ ಚರ್ಮದ ಬೇಟೆಚೀಲ, ಕೋವಿಯ ಮದ್ದಿಗೆ ಕಿಡಿ ಹತ್ತಿಸುವ ಕೇಪು ಹಾಕಿಡುವ ತಗಡಿನ ಡಬ್ಬಿ. "ಕೋವಿಯೇ ಇಲ್ಲದೆ ಕೇಪಿನ ಡಬ್ಬಿ ಎಂತಕ್ಕೆ ಮಾರಾಯ?" ಎಂದು ಕೇಳದವರಿಲ್ಲ. ಅವರ ಶೋಕೇಸಿನಲ್ಲಿ ಒಬ್ಬರೂ ಚಾ ಕುಡಿಯದ ಪಿಂಗಾಣಿ ಸೆಟ್ಟಿನ ಬಗ್ಗೆ ನಾನು ಯಾವತ್ತಾದರೂ ಬಾಯಿ ತೆರೆದದ್ದುಂಟೇ?

ಈ ಹುಚ್ಚಿನಿಂದಲೇ ಸೀಬ್‌ನಲ್ಲಿರುವ ಹಿರಿಯರೊಬ್ಬರ ಪರಿಚಯವಾಯಿತು. ಒಮಾನಿನವರೇ, ಎಂಬತ್ತು ದಾಟಿದವರು, ಹುಟ್ಟಿದ್ದು ಜಾಂಜಿಬಾರಿನಲ್ಲಿ. ನಮ್ಮವರ ಜೊತೆ ವ್ಯಾಪಾರ ಮಾಡಿ ಕಲಿತ ಹಿಂದಿಯಲ್ಲಿ ಹದವಾಗಿ ಮಾತಾಡುತ್ತಾರೆ. ಅವರು ಅತಿಥಿಗಳನ್ನು ಕೂರಿಸುವ ಕೋಣೆಯ ಗೋಡೆಯ ಮೇಲೆ ಉದ್ದ ನಳಿಗೆಯ ಕೋವಿ, ಅದರ ಪಕ್ಕದಲ್ಲಿ ತಾಮ್ರದ ಮದ್ದಿನ ಕುಪ್ಪಿ ತೂಗುತ್ತಿದ್ದವು. ಕುಪ್ಪಿ ಅಂಗೈ ಅಗಲದ್ದು. ಮೈಮೇಲೆ ಕವಲುಕೊಂಬಿನ ಜಿಂಕೆಯ ಉಬ್ಬುಚಿತ್ರ, ಬಾಯಲ್ಲಿ ಮದ್ದನ್ನು ಅಳೆದು ಸುರಿಯುವ ಹಿತ್ತಾಳೆಯ ಕೊಳವೆ. ಅಮೆರಿಕದ ಹಡಗಿನವನೊಬ್ಬ ಜಾಂಜಿಬಾರಿನಲ್ಲಿ ಅವರ ಮುತ್ತಜ್ಜನಿಗೆ ಕೊಟ್ಟದ್ದಂತೆ. ಹಿಡಿದೂ ಹಿಡಿದೂ ಜಿಂಕೆಯ ಬೆನ್ನು ಸವೆದಿತ್ತು. ತಾಮ್ರವೆಲ್ಲ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿ, ಹೆಬ್ಬೆರಳು ಕೂರುವ ಕಡೆ ಇನ್ನಷ್ಟು ಕಪ್ಪಾಗಿತ್ತು.

ಅದರ ಮೇಲೆ ನನಗೆ ಎಂಥ ಆಸೆ ಎಂದು ಹೇಳಿ ಪೂರೈಸದು. ಹೋದಾಗಲೆಲ್ಲ ಕೇಳುತ್ತಿದ್ದೆ. ನನ್ನನ್ನು ಅವರು ಕರೆಯುವುದೇ ಸದೀಕ್, ಅಂದರೆ ಗೆಳೆಯ, ಎಂದು. ಪ್ರತಿ ಸಲವೂ ಹೆಬ್ಬೆರಳನ್ನು ಆ ಕಪ್ಪಿನ ಮೇಲಿಟ್ಟು ನಗುತ್ತಿದ್ದರು. "ಮುತ್ತಜ್ಜನ ಬೆರಳು ಇಲ್ಲೇ ಇತ್ತು, ಸದೀಕ್. ನನ್ನದೂ ಇಲ್ಲೇ ಕೂರುತ್ತದೆ. ಇದನ್ನು ಹೇಗೆ ಕೊಡಲಿ?" ಕೊನೆಗೆ ಕಳೆದ ನವರಾತ್ರಿಯ ಹೊತ್ತಿಗೆ, ಒಳ್ಳೆಯ ಫೋಟೋ ತೆಗೆದು ಅವರ ಮೊಮ್ಮಕ್ಕಳಿಗೂ ಕಳಿಸುತ್ತೇನೆ ಎಂದು ಗೋಗರೆದು, ನಾಲ್ಕು ದಿನದ ಮಟ್ಟಿಗೆ ಮನೆಗೆ ತಂದೆ. ಟವೆಲಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟು, ಹಿಂದಿನವರು ಹಾರ್ನ್ ಹೊಡೆದರೂ ಲೆಕ್ಕಿಸದೆ ಹೈವೇಯಲ್ಲಿ ಮೆಲ್ಲಗೆ ಬಂದೆ.

ಮನೆಯಲ್ಲಿ ಅಕ್ಕ ಇದ್ದಳು. ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದಳು. ಸುಮ್ಮನೆ ಕೂತು ಗೊತ್ತಿಲ್ಲದವಳು. ಆಯುಧಪೂಜೆಯ ದಿನ ನನಗೆ ರಜೆ ಇರಲಿಲ್ಲ. ಬೂಟು ಹಾಕಿಕೊಳ್ಳುತ್ತ ಅವಳಿಗೆ ಸ್ಪಷ್ಟವಾಗಿ ಹೇಳಿದೆ: "ಅಕ್ಕ, ಹಾಲಿನಲ್ಲಿರುವ ಆ ಮದ್ದಿನ ಕುಪ್ಪಿ ಒಂದನ್ನು ಮುಟ್ಟಬೇಡ."

"ನನಗೆಂತಕ್ಕೆ ನಿನ್ನ ಮದ್ದಿನ ಕುಪ್ಪಿ? ನೀನು ಹೋಗು," ಎಂದಳು.

ಸಂಜೆ ಬಂದು ನೋಡಿದರೆ ದೇವರ ಮುಂದೆ ಕಾರಿನ ಇನ್ನೊಂದು ಕೀ, ಮಿಕ್ಸಿ, ಸ್ಕ್ರೂಡ್ರೈವರ್, ಮಗಳ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ. ನಡುವೆ, ಬಾಳೆಲೆಯ ಮೇಲೆ, ನಿನ್ನೆ ಅಂಗಡಿಯಿಂದ ತಂದ ಚೊಂಬಿನ ಹಾಗೆ ಪಳಪಳ ಹೊಳೆಯುವ ಕುಪ್ಪಿ. ಜಿಂಕೆಯ ಹಣೆಗೂ ಒಂದು ಬೊಟ್ಟು.

"ಮುಟ್ಟಬೇಡ ಎಂದಿದ್ದೆನಲ್ಲ ಅಕ್ಕ?"

"ನಾನೆಲ್ಲಿ ಮುಟ್ಟಿದ್ದೇನೆ? ನಿನ್ನ ಮದ್ದಿನ ಕುಪ್ಪಿ ಟಿವಿ ಹತ್ರ ಹಾಗೇ ಉಂಟು, ನೋಡು."

ಟಿವಿಯ ಹತ್ತಿರ ನನ್ನ ಕೆಮ್ಮಿನ ಸಿರಪ್ಪು ನಿಂತಿತ್ತು. ಅದನ್ನು ಕದಲಿಸದೆ ಸುತ್ತಲಿನ ಧೂಳನ್ನಷ್ಟೇ ಒರೆಸಿದ್ದಳು. ಕೋವಿಗೆ ತುಂಬುವುದೂ ಮದ್ದು, ಕೆಮ್ಮಿಗೆ ಕುಡಿಯುವುದೂ ಮದ್ದು. ಅಲ್ಲಿಯವರೆಗೆ ತಪ್ಪು ಅವಳದಲ್ಲ, ಒಪ್ಪಿದೆ. ಆದರೆ ತಿಕ್ಕು ಎಂದು ಹೇಳಿದವರು ಯಾರು?

"ಆಯುಧಪೂಜೆಗೆ ಕಿಲುಬು ಹಿಡಿದದ್ದನ್ನು ಇಡ್ತಾರಾ? ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದೆ. ಒಂದು ಸಲಕ್ಕೆ ಹೋಗ್ಲಿಲ್ಲ, ಆ ಬೆನ್ನಿನ ಹತ್ರ ಕರೀ ಹಿಡ್ದಿತ್ತು. ಕೈ ಉರೀತಾ ಉಂಟು ನಂಗೆ."

"ಸೋ ಶೈನಿ, ಅತ್ತೆ," ಎಂದಳು ಮಗಳು. ಹೆಂಡತಿಯೂ ತಲೆಯಾಡಿಸಿದಳು. ಇಡೀ ಮನೆಗೆ ಅದು ಚೆಂದ ಕಂಡಿತ್ತು, ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಕೊಳೆ ಅಲ್ಲ ಅದು, ಒಂದು ಮನೆಯವರ ಕೈಗಳು ಅಲ್ಲಿದ್ದವು, ನೀನು ಅದನ್ನು ಸಿಂಕಿನಲ್ಲಿ ಬಿಟ್ಟೆ ಎಂದು ಕೂಗಾಡಿದೆ. "ಇಷ್ಟು ಬೈಸಿಕೊಳ್ಳಲಿಕ್ಕೆ ವಿಮಾನ ಹತ್ತಿ ಬರ್ಬೇಕಿತ್ತಾ ನಾನು?" ಎಂದು ಅಕ್ಕ ಊಟ ಬಿಟ್ಟಳು. ಅಂದರೆ ತಪ್ಪಿತಸ್ಥ ನಾನೇ ಆದೆ.

ಮರುದಿನ ಆಫೀಸು ಮುಗಿಸಿ ಸೀಬ್‌ಗೆ ಹೋದೆ. ಹಿರಿಯರು ಎಂದಿನಂತೆ ಖರ್ಜೂರ ಮುಂದಿಟ್ಟು, ಕಾಫಿ ಬಗ್ಗಿಸಿಕೊಟ್ಟರು. ಟವೆಲು ಬಿಚ್ಚಿ ಎಲ್ಲವನ್ನೂ ಹೇಳಿದೆ. ಅವರು ಕುಪ್ಪಿಯನ್ನು ತೆಗೆದುಕೊಂಡರು. ಹೆಬ್ಬೆರಳು ಜಿಂಕೆಯ ಬೆನ್ನಿನ ಮೇಲೆ ಹೋಗಿ ಅತ್ತಿತ್ತ ಸರಿಯಿತು, ಮತ್ತೆ ಸರಿಯಿತು. ಮೂಗಿನ ಹತ್ತಿರ ಹಿಡಿದು ನೋಡಿದರು.

ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಅಕ್ಕನನ್ನು ಇನ್ನೊಂದಿಷ್ಟು ಬೈದು ಹಗುರಾಗುತ್ತಿದ್ದೆ. ಅವರು ನನ್ನ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದರು. "ನಿಮ್ಮ ಅಕ್ಕನಿಗೆ ನನ್ನ ಸಲಾಂ ಹೇಳಿ. ದೇವರ ಮುಂದೆ ಇಟ್ಟರಲ್ಲ, ಮರ್ಯಾದೆಯೇ ಮಾಡಿದ್ದಾರೆ," ಎಂದರು. ಆಮೇಲೆ ಕುಪ್ಪಿಯನ್ನು ಟವೆಲಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. "ಇನ್ನು ನೀವೇ ಇಟ್ಟುಕೊಳ್ಳಿ. ಎಷ್ಟು ಸಲ ಕೇಳಿದ್ದೀರಿ."

ಬೇಡ, ಹೀಗಲ್ಲ, ಎಂದೆ. ಗೋಡೆಯ ಮೇಲೆ ಕೋವಿಯ ಪಕ್ಕ ಮೊಳೆ ಖಾಲಿ ಇತ್ತು. ಅವರು ಅತ್ತ ನೋಡಲಿಲ್ಲ.

"ಖಲಾಸ್, ಸದೀಕ್. ಇದು ಈಗ ಯಾರದ್ದಾದರೂ ಆಗಬಹುದು."

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ದಿನದ ಮುನಿಸು ಇನ್ನೂ ಮುಖದ ಮೇಲಿತ್ತು. "ತುಂಬಾ ಬೈದ್ರಾ?" ಎಂದು ಕೇಳಿದಳು.

"ಇಲ್ಲ. ನನಗೇ ಕೊಟ್ಟುಬಿಟ್ಟರು."

ಅವಳ ಮುಖ ಅರಳಿತು. "ನೋಡು ಮತ್ತೆ. ಇಷ್ಟು ವರ್ಷ ಕೇಳಿದ್ರೂ ಕೊಡದವರು, ನಾನು ತೊಳೆದದ್ದಕ್ಕೇ ಅಲ್ವಾ ಕೊಟ್ಟದ್ದು?"

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಸಿಟ್ಟೇ ನನಗೆ ಇವತ್ತಿಗೂ ಇಳಿದಿಲ್ಲ.