ಯಾರ ಕೈಲೂ ಆಗಲ್ಲ

ಆಗೆಲ್ಲ ಶನಿವಾರ ಅಂದರೆ ಅರ್ಧ ದಿನದ ಶಾಲೆ, ಮನೆಗೆ ಬಂದರೆ ಅವರೆಕಾಳಿನ ಉಪ್ಪಿಟ್ಟು, ಆಮೇಲೆ ಕತ್ತಲಾಗುವವರೆಗೂ ಬೀದಿ ನಮ್ಮದು. ಬಸವನಗುಡಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದ ಚಳಿಗಾಲದಲ್ಲಿ ಆ ಸುಖಕ್ಕೆ ಕಲ್ಲು ಬಿತ್ತು. ವಿಶ್ವವಿದ್ಯಾಲಯದ ಗಣಿತ ವಿಭಾಗದವರು ಶಾಲೆಯ ಮಕ್ಕಳಿಗೆ ಪುಕ್ಕಟೆ ಕ್ಲಾಸು ನಡೆಸುತ್ತಾರೆಂದು ನೋಟಿಸು ಬಂತು. ಪುಕ್ಕಟೆ ಎಂದು ಕಿವಿಗೆ ಬಿದ್ದದ್ದೇ ತಡ, ಅಪ್ಪ ಹೋಗಿ ನನ್ನ ಹೆಸರು ಕೊಟ್ಟು ಬಂದರು.

ಚಾಮರಾಜಪೇಟೆಯ ಹಳೇ ಶಾಲೆಯೊಂದರ ಹಾಲ್‌ನಲ್ಲಿ ಕ್ಲಾಸು. ಒಳಗೆ ಸೀಮೆಸುಣ್ಣದ ಧೂಳು, ಹೊರಗಿನ ಗಾಡಿಯಿಂದ ಹುರಿದ ಕಡಲೆಕಾಯಿಯ ವಾಸನೆ. ಪಾಠ ಮಾಡಲು ಬರುತ್ತಿದ್ದ ಮಿಸ್‌ಗೆ ಸರಿ, ತಪ್ಪು ಎಂದು ಹೇಳುವ ಅಭ್ಯಾಸವೇ ಇರಲಿಲ್ಲ. ಏನು ತೋರಿಸಿದರೂ "ನೋಡೋಣ" ಅನ್ನುತ್ತಿದ್ದರು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ದಿನವೇ ಅವರು ಬೋರ್ಡಿನ ಮೇಲೆ ಚೌಕಾಬಾರದ ಹಲಗೆ ಬರೆದರು. ಉದ್ದಕ್ಕೆ ಐದು ಮನೆ, ಅಡ್ಡಕ್ಕೆ ಐದು ಮನೆ.

"ಸಂಕ್ರಾಂತಿಗೆ ಎಳ್ಳು ಬೀರೋಕೆ ಹೊರಟಿದೀರ ಅಂದ್ಕೊಳ್ಳಿ. ಎಲ್ಲಾ ಮನೇಗೂ ಹೋಗ್ಬೇಕು, ಯಾವ ಮನೇಗೂ ಎರಡನೇ ಸಲ ಹೋಗೋ ಹಾಗಿಲ್ಲ. ಪಕ್ಕದ ಮನೆ, ಇಲ್ಲಾ ಮೇಲಿನ ಕೆಳಗಿನ ಮನೆ. ಓರೆಯಾಗಿ ಹಾರ್ಬಾರ್ದು. ಮೂಲೆ ಮನೆ ಅಲ್ಲ, ಅದರ ಪಕ್ಕದ್ದು, ಈ ಮನೆಯಿಂದ ಹೊರಡಿ."

"ಇಷ್ಟೇನಾ ಮಿಸ್?" ಅಂದೆ.

"ನೋಡೋಣ."

ನೋಡಿದೆವು. ಒಂದಲ್ಲ ಒಂದು ಮನೆ ಉಳಿದೇ ಉಳಿಯುತ್ತಿತ್ತು. ಎಡಕ್ಕೆ ಹೊರಟರೆ ಬಲಗಡೆಯದು, ಕೆಳಗಿನಿಂದ ಸುತ್ತಿದರೆ ನಡುವಿನದು. ಶನಿವಾರದ ಮೇಲೆ ಶನಿವಾರ ಕಳೆಯಿತು. ಮಿಸ್ ಒಂದು ಸುಳಿವನ್ನೂ ಬಿಟ್ಟುಕೊಡಲಿಲ್ಲ. ಮನೆಯಲ್ಲಿ ಅಜ್ಜಿಗೂ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಒಂದು ಮನೆ ತಾನೇ ಉಳಿದಿರೋದು? ಮಾರನೇ ದಿನ ಹೋಗಿ ಕೊಟ್ಬಂದ್ರಾಯ್ತು ಬಿಡೇ" ಅಂದರು.

ಅಪ್ಪನ ತಾಳ್ಮೆ ಕೆಟ್ಟಿತು. "ಇನ್ನೂ ಅದೇ ಲೆಕ್ಕನಾ? ಪಕ್ಕದ ಬೀದಿ ಟ್ಯೂಷನ್ನಲ್ಲಿ ಇಷ್ಟೊತ್ತಿಗೆ ಬೀಜಗಣಿತ ಪೂರ್ತಿ ಮುಗ್ಸಿದಾರೆ. ಸಂಕ್ರಾಂತಿಯೊಳಗೆ ಉತ್ತರ ತಂದು ತೋರ್ಸು. ಇಲ್ಲಾಂದ್ರೆ ಶನಿವಾರ ಟ್ಯೂಷನ್‌ಗೆ ಹೋಗು."

ವಿಚಿತ್ರವೆಂದರೆ ಆ ಹೊತ್ತಿಗೆ ನನಗೆ ಆ ಕ್ಲಾಸಿನ ಹುಚ್ಚು ಹಿಡಿದಿತ್ತು. ಮಿಸ್ ಅನ್ನು ಬೈದುಕೊಳ್ಳುತ್ತಲೇ ಹೋಗುತ್ತಿದ್ದೆ, ಆದರೆ ಹೋಗದೆ ಇರಲು ಆಗುತ್ತಿರಲಿಲ್ಲ. ಅದು ತಪ್ಪಿಹೋಗುತ್ತದೆಂದು ಹೆದರಿಕೆಯಾಯಿತು.

ಹಬ್ಬಕ್ಕೆ ಅಜ್ಜಿ ಬೆಲ್ಲ, ಕೊಬ್ಬರಿ ಹೆಚ್ಚಲು ಕೂತರು. ನಾನು ಪಕ್ಕದಲ್ಲೇ ನೆಲದ ಮೇಲೆ ಹಲಗೆ ಬರೆದುಕೊಂಡು, ಬೇಜಾರಿಗೆ ಒಂದು ಮನೆಗೆ ಬೆಲ್ಲ, ಪಕ್ಕದ್ದಕ್ಕೆ ಕೊಬ್ಬರಿ ಅಂತ ಇಡುತ್ತಾ ಹೋದೆ. ಮೂಲೆಗಳಲ್ಲೆಲ್ಲ ಬೆಲ್ಲ ಬಂತು. ಎಣಿಸಿದರೆ ಬೆಲ್ಲ ಹದಿಮೂರು, ಕೊಬ್ಬರಿ ಹನ್ನೆರಡು. ಮಿಸ್ ಹೊರಡಲು ಹೇಳಿದ್ದು ಕೊಬ್ಬರಿಯ ಮನೆಯಿಂದ. ಕೊಬ್ಬರಿ ಆದಮೇಲೆ ಬೆಲ್ಲ, ಬೆಲ್ಲ ಆದಮೇಲೆ ಕೊಬ್ಬರಿ. ಕೊಬ್ಬರಿಯಿಂದ ಶುರು ಮಾಡಿ ಇಪ್ಪತ್ತೈದೂ ಮನೆ ಮುಗಿಸಬೇಕಾದರೆ ಕೊನೆಯದೂ ಕೊಬ್ಬರಿಯೇ ಆಗಬೇಕು, ಅಂದರೆ ಕೊಬ್ಬರಿಯೇ ಒಂದು ಹೆಚ್ಚಿರಬೇಕು. ಇಲ್ಲಿ ಒಂದು ಕಡಿಮೆ! ನಾನು ಎದ್ದು ಅಪ್ಪನ ಹತ್ತಿರ ಓಡಿದೆ.

"ಅಪ್ಪಾ, ಅದು ಆಗಲ್ಲ!"

"ನಿನ್ ಕೈಲಿ ಆಗಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು."

"ನನ್ ಕೈಲಿ ಅಲ್ಲಪ್ಪಾ. ಯಾರ ಕೈಲೂ ಆಗಲ್ಲ."

ಅಪ್ಪನಿಗೆ ಸಿಟ್ಟು ಬಂತು. ನೆಲದ ಮೇಲೆ ಕೂತು ತಾವೇ ಶುರು ಮಾಡಿದರು. ಕಾಫಿ ಆರಿತು. ಪ್ರತಿ ಸಲ ಒಂದು ಮನೆ ಉಳಿದಾಗಲೂ ನಾನೇನೋ ಮೋಸ ಮಾಡಿದೆನೆಂಬಂತೆ ನನ್ನ ಕಡೆ ನೋಡುತ್ತಿದ್ದರು. ಕೊನೆಗೆ ನನ್ನ ಬೆಲ್ಲ ಕೊಬ್ಬರಿಯ ಮಾತನ್ನು ಪೂರ್ತಿ ಕೇಳಿ ತಲೆ ಆಡಿಸಿದರು.

"ಸರಿ. ಒಪ್ಕೊಂಡೆ. ಆದ್ರೆ ನಾನು ತಾ ಅಂದಿದ್ದು ಉತ್ತರಾನ. ನೀನು ತಂದಿರೋದು ಉತ್ತರ ಇಲ್ಲ ಅಂತ. ಪರೀಕ್ಷೇಲಿ ಹೀಗೆ ಬರೆದ್ರೆ ಸೊನ್ನೆ ಸುತ್ತಾರೆ."

ಅತ್ತು ಕರೆದೆ, ಜಗಳವಾಡಿದೆ, ಊಟ ಬಿಟ್ಟೆ. ಇನ್ನು ಬರುವುದಿಲ್ಲ ಎಂದು ಮಿಸ್‌ಗೆ ಹೇಳಿ ಬರಲು ಒಂದೇ ಒಂದು ಸಲ ಬಿಟ್ಟರು. ಮಿಸ್ ನಾನು ಬರೆದುಕೊಂಡು ಹೋಗಿದ್ದ ಬೆಲ್ಲ ಕೊಬ್ಬರಿಯ ಹಲಗೆಯನ್ನು ತುಂಬ ಹೊತ್ತು ನೋಡಿದರು. ಭೇಷ್ ಅನ್ನಬಹುದೆಂದು ಕಾದೆ. ಎಲ್ಲಿ ಬಂತು!

"ಹಾಗಾದ್ರೆ ಯಾವ ಯಾವ ಮನೆಯಿಂದ ಹೊರಟ್ರೆ ಆಗುತ್ತೆ? ಮುಂದಿನ ವಾರ ಹೇಳು."

ಮುಂದಿನ ವಾರ ನಾನು ಟ್ಯೂಷನ್ನಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದೆ. ಮಿಸ್‌ಗೆ ನಾನು ಬರುವುದಿಲ್ಲ ಅಂತ ಹೇಳುವ ಧೈರ್ಯವೂ ಆಗಿರಲಿಲ್ಲ.

ಈಗ ನನ್ನ ಮಗಳು ಎಂಟನೇ ಕ್ಲಾಸು. ಅಂಥದೇ ಕ್ಲಾಸು ಈಗಲೂ ನಡೆಯುತ್ತದೆ ಎಂದು ಗೊತ್ತಾಗಿ ಕುಣಿದಾಡುವಷ್ಟು ಖುಷಿಯಾಯಿತು. ವಿಚಾರಿಸಿದರೆ ಸೇರಲು ಪ್ರವೇಶ ಪರೀಕ್ಷೆಯಂತೆ. ಆ ಪರೀಕ್ಷೆಗೆ ಗಾಂಧಿಬಜಾರಿನ ಮಹಡಿಯೊಂದರಲ್ಲಿ ಕೋಚಿಂಗ್ ಅಂತೆ. ತಲೆ ಚಚ್ಚಿಕೊಂಡು ಮೆಟ್ಟಿಲು ಹತ್ತಿದೆ. ಅಲ್ಲಿದ್ದ ಹುಡುಗನನ್ನು ಕೇಳಿದೆ, "ಮಕ್ಕಳಿಗೆ ಯೋಚನೆ ಮಾಡೋಕೆ ಟೈಮ್ ಕೊಡ್ತೀರಾ?"

"ಕೊಡ್ತೀವಿ ಮೇಡಂ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ."

ನಮಗೆ ಇಡೀ ಒಂದು ಚಳಿಗಾಲ ಕೊಟ್ಟಿದ್ದರು.